ಶಿಲುಬೆಯ ಕಡೆಯಿಂದ ತೆರೆಯಬೇಡ

ಮಿನ್ಯಾ,
ಅಮ್ಶೀರ್ ತಿಂಗಳ ಆರು, ಗುರುವಾರ

ನನ್ನ ಮುದ್ದು ಯೂಸ್ತೀನಾ,

ಈ ಕಾಗದದ ಜೊತೆ ಒಂದು ಪುಟ್ಟ ಬಟ್ಟೆಯ ಚೀಲ ಇದೆ. ಅದನ್ನು ಈಗಲೇ ಬಿಚ್ಚಬೇಡ. ಹಬ್ಬದ ಹೊಸ ಬಟ್ಟೆಯನ್ನು ಹಿಂದಿನ ದಿನವೇ ಕದ್ದು ನೋಡಿ, ಏನೂ ಗೊತ್ತಿಲ್ಲದವಳ ಹಾಗೆ ಮತ್ತೆ ಮಡಿಸಿಡುತ್ತಿದ್ದವಳು ನೀನು. ಆಗಲೇ ಬಿಚ್ಚಿಬಿಟ್ಟಿದ್ದರೆ ಒಳಗಿರುವ ಪುಸ್ತಕವನ್ನಾದರೂ ತೆರೆಯಬೇಡ. ಶಿಲುಬೆ ಒತ್ತಿರುವ ಕಡೆಯಿಂದಂತೂ ಬೇಡವೇ ಬೇಡ. ಮೊದಲು ನಿನ್ನ ಅಮ್ಮನ ಈ ಕೋಳಿಕಾಲಿನ ಅಕ್ಷರವನ್ನು ಕೊನೆಯವರೆಗೆ ಓದು.

ಮೂರು ವರ್ಷದಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಶನಿವಾರ ನಿನಗೆ ದೀಕ್ಷೆ. ನಿನ್ನನ್ನು ಬಲಿಪೀಠದ ಮುಂದೆ ಮಲಗಿಸಿ, ಮೇಲೆ ಪರದೆ ಹೊದಿಸಿ, ಸತ್ತವರಿಗೆ ಓದುವ ಪ್ರಾರ್ಥನೆ ಓದುತ್ತಾರೆ. ಅಲ್ಲಿಂದ ಎದ್ದ ಮೇಲೆ ಮಠವೇ ನಿನ್ನ ಮನೆ, ಹಿಂದಕ್ಕೆ ದಾರಿ ಇಲ್ಲ. ಆ ಪರದೆ ಬೀಳುವ ಮೊದಲು ನಿನಗೆ ಒಂದು ವಿಷಯ ತಿಳಿಯಲೇಬೇಕು. ತಿಳಿಸಬೇಕಾದವಳು ನಾನು. ತಿಳಿದ ಮೇಲೆ ಅಲ್ಲೇ ಇರುತ್ತೀಯೋ ಮನೆಗೆ ಬರುತ್ತೀಯೋ, ಅದು ನಿನಗೆ ಬಿಟ್ಟದ್ದು.

ಅದಕ್ಕೆ ಮುಂಚೆ ಪುಸ್ತಕದ ಕಥೆ ಹೇಳಿಬಿಡುತ್ತೇನೆ. ನೇರವಾಗಿ ವಿಷಯಕ್ಕೆ ಬರುವ ಧೈರ್ಯ ಇದ್ದಿದ್ದರೆ ನನಗೆ ಇಷ್ಟು ವರ್ಷ ಯಾಕೆ ಬೇಕಿತ್ತು?

ಕ್ರಿಸ್ಮಸ್ ಉಪವಾಸದಲ್ಲಿ ನಿನ್ನನ್ನು ನೋಡಿಕೊಂಡು ಬಂದ ನಿನ್ನಪ್ಪ ಊಟಕ್ಕೆ ಕೂತವರು ರೊಟ್ಟಿ ಮುರಿಯದೆ ಹೇಳಿದರು: “ನಮ್ಮ ಹುಡುಗಿ ಈಗ್ಲೂ ದಿನಾ ಬರೀತಾಳೆ ಕಣೇ. ಭಾನುವಾರದ ಶಾಲೇಲಿ ಕಲಿಸಿದ್ರಲ್ಲ, ದಿನದ ತಪ್ಪು-ಒಪ್ಪು ಬರ್ಕೊಳ್ಳೋದು. ಸಿಮೆಂಟ್ ಚೀಲದ ಕಾಗದದ ಮೇಲೆ!” ಪುಸ್ತಕ ಕಟ್ಟುವವರ ಮಗಳು ಸಿಮೆಂಟ್ ಚೀಲದ ಮೇಲೆ ಬರೆಯುವುದೇ? ನನ್ನ ಮೂರು ವರ್ಷದ ಸಿಟ್ಟು ಅಲ್ಲೇ ಕರಗಿತು, ಅಂದರೆ ಬೇರೆ ಸಿಟ್ಟಾಗಿ ತಿರುಗಿತು. ಕನ್ಯಾಸ್ತ್ರೀಗೆ ಸ್ವಂತದ್ದು ಅಂತ ಏನೂ ಇರಬಾರದು, ಕೊರಳಿನ ಶಿಲುಬೆ ಒಂದು ಬಿಟ್ಟು. ಹಾಗಾದರೆ ಕೊರಳಲ್ಲಿ ತೂಗುವಷ್ಟು ಪುಸ್ತಕ ಮಾಡುತ್ತೇನೆ ಅಂದೆ.

ಅಂಗಡಿಗೆ ದುರಸ್ತಿಗೆ ಬರುವ ಹಳೆಯ ಪ್ರಾರ್ಥನಾ ಪುಸ್ತಕಗಳಲ್ಲಿ ಮೊದಲಿಗೂ ಕೊನೆಗೂ ಖಾಲಿ ಹಾಳೆ ಇರುತ್ತದಲ್ಲ, ಹರಿದವನ್ನು ಚರ್ಚಿನ ರೊಟ್ಟಿ ಒಲೆಗೆ ಹಾಕಲು ಎತ್ತಿಡುತ್ತೇವಲ್ಲ, ಅದರಲ್ಲಿ ಕಲೆಯಿಲ್ಲದ್ದನ್ನು ಆರಿಸಿ ಕತ್ತರಿಸಿದೆ. ಎಂಟು ಮಡಿಕೆ, ಒಂದೊಂದರಲ್ಲಿ ನಾಲ್ಕು ಹಾಳೆ. ಇಡೀ ಪುಸ್ತಕ ಬೆಂಕಿಪೊಟ್ಟಣದ ಅರ್ಧ. ದಾರಕ್ಕೆ ಬಲಿಪೀಠದಲ್ಲಿ ಉರಿದು ಉಳಿದ ಮೇಣ ಸವರಿ, ನಮ್ಮ ಹಳಬರ ಹೊಲಿಗೆಯನ್ನೇ ಹಾಕಿದೆ. ಅಂಟಿಲ್ಲ, ಒಂದು ಮಡಿಕೆಯ ದಾರ ಇನ್ನೊಂದಕ್ಕೆ ಕೊಕ್ಕೆ ಹಾಕಿಕೊಂಡು ಬೆನ್ನಿನ ಮೇಲೆ ಜಡೆಯ ಹಾಗೆ ಇಳಿಯುತ್ತದೆ. ಕನ್ನಡಕದ ಮೇಲೆ ಕನ್ನಡಕ ಹಾಕಿಕೊಂಡು ಹೊಲಿದರೂ ಹೆಬ್ಬೆರಳಿನ ತುಂಬ ಸೂಜಿ ಚುಚ್ಚಿದ ಗುರುತು. ಕೊರಳಿನ ಬಳ್ಳಿ ನಿನ್ನಪ್ಪ ಹೆಣೆದದ್ದು, ನಾಲ್ಕು ಎಳೆ ಚರ್ಮದಲ್ಲಿ. ಅವರಿಗೆ ಹಿಡಿದದ್ದು ಹದಿನೈದು ನಿಮಿಷ, ನನಗೆ ಹದಿನೈದು ದಿನ. ಆದರೂ “ನಾವು ಮಾಡಿದ್ದು” ಅಂತ ಬೀದಿಯೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ.

ಕೊನೆಗೆ ಉಳಿದದ್ದು ಶಿಲುಬೆ. ಹಿತ್ತಾಳೆಯ ಅಚ್ಚನ್ನು ಮನೆಯ ಒಲೆಯ ಮೇಲೆ ಕಾಯಿಸಿ ಒದ್ದೆ ಚರ್ಮಕ್ಕೆ ಒತ್ತಬೇಕು, ಒತ್ತಿದ್ದೇ ಒತ್ತಿದ್ದು, ಆಮೇಲೆ ಅಳಿಸಲಾಗದು. ಆ ವಾರವೆಲ್ಲ ನಾವು ಚರ್ಚಿನ ಹಾಡುಗಾರರಿಗೆ ಕಾಪ್ಟಿಕ್ ಭಾಷೆಯ ಹಾಡಿನ ಪುಸ್ತಕ ಕಟ್ಟುತ್ತಿದ್ದೆವು. ಅವು ಎಡದಿಂದ ತೆರೆಯುವಂಥವು. ಕೈಗೆ ಅದೇ ರೂಢಿಯಾಗಿತ್ತು. ನಿನ್ನ ಪುಸ್ತಕವೋ ಮನೆಮಾತು ಅರಬ್ಬಿಯಲ್ಲಿ ಬರೆದುಕೊಳ್ಳುವುದಕ್ಕೆ, ಬಲದಿಂದ ತೆರೆಯಬೇಕಾದದ್ದು. ಶಿಲುಬೆ ಹೋಗಿ ಹಿಂದಿನ ರಟ್ಟಿನ ಮೇಲೆ ಕೂತಿತು.

ನಿನ್ನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. “ಮೂವತ್ತು ವರ್ಷದಿಂದ ಹೊಲೀತಿದೀಯ, ಮುಂದ್ಯಾವ್ದು ಹಿಂದ್ಯಾವ್ದು ಗೊತ್ತಾಗ್ಲಿಲ್ವೇನೇ ಇನ್ಸಾಫ್? ಹೋಗ್ಲಿ ಬಿಡು, ಎರಡು ಭಾಷೆನೂ ಓದ್ತಾಳೆ, ಯಾವ ಕಡೆಯಿಂದಾದ್ರೂ ತೆರ್ಕೊಳ್ಳಲಿ.” ಹಾಗೆನ್ನುತ್ತ ಶಿಲುಬೆಯ ಕಡೆಯಿಂದ ತೆರೆದೇಬಿಟ್ಟರು. ನನ್ನ ಜೀವ ಬಾಯಿಗೆ ಬಂತು. ಯಾಕೆಂದರೆ ಆ ಕೊನೆಯ ಪುಟದಲ್ಲಿ, ಈಗ ಮೊದಲನೆಯದಾಗಿಬಿಟ್ಟ ಪುಟದಲ್ಲಿ, ನಾನು ಆಗಲೇ ಬರೆದಿಟ್ಟಿದ್ದೆ.

“ಇದೇನೇ, ಇರುವೆ ಸಾಲು ಹೊರಟ ಹಾಗಿದೆ?” ಅಂದರು. ಪುಣ್ಯಕ್ಕೆ ಅವರ ಕನ್ನಡಕ ಅಂಗಡಿಯಲ್ಲಿತ್ತು. ಬೈಬಲಿನ ಕೀರ್ತನೆ ಅಂತ ಹೇಳಿ ಕಿತ್ತುಕೊಂಡೆ. ದೇವರ ವಾಕ್ಯದ ಹೆಸರಿನಲ್ಲಿ ಸುಳ್ಳು ಹೇಳಿದ್ದಕ್ಕೆ ಬೇರೆಯೇ ಪಾಪನಿವೇದನೆ ಮಾಡಬೇಕು.

ಅಲ್ಲಿ ಬರೆದದ್ದು ಏನು ಅಂತ ಈಗ ಹೇಳುತ್ತೇನೆ.

ನಿನಗಾಗ ಒಂಬತ್ತು ತಿಂಗಳು. ಜ್ವರ ತಲೆಗೇರಿ ನಿನ್ನ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತ್ತು. ಡಾಕ್ಟರು ನಿನ್ನಪ್ಪನನ್ನು ಬಾಗಿಲಾಚೆ ಕರೆದು ಮಾತಾಡಿದರು. ಏನಂದರು ಅಂತ ನಾನು ಕೇಳಲಿಲ್ಲ, ಒಳಗೆ ಬಂದವರ ಮುಖ ನೋಡಿದರೇ ಸಾಕಾಗಿತ್ತು. ಅದು ಮರಿಯಮ್ಮನ ಉಪವಾಸದ ಆಗಸ್ಟ್. ನಿನ್ನನ್ನು ಹೆಗಲಿಗೆ ಹಾಕಿಕೊಂಡು ದೋಣಿಯಲ್ಲಿ ನೈಲ್ ದಾಟಿ ಬೆಟ್ಟದ ಮೇಲಿನ ಮರಿಯಮ್ಮನ ಚರ್ಚಿಗೆ ಹೋದೆವು. ಬೇರೆ ತಾಯಂದಿರು ಮೇಣದ ಬತ್ತಿ ಹರಕೆ ಹೊರುತ್ತಾರೆ, ಕುರಿ ಹೊರುತ್ತಾರೆ. ನಾನು ಚೀಟಿಯಲ್ಲಿ ಬರೆದೆ: ಇವಳನ್ನು ಉಳಿಸು, ಉಳಿದರೆ ಇವಳು ನಿನ್ನವಳು, ದೊಡ್ಡವಳಾದ ಮೇಲೆ ನಿನ್ನ ಮಠಕ್ಕೆ ಬಿಡುತ್ತೇನೆ. ಅದನ್ನು ಮಡಿಸಿ ಅವಳ ಚಿತ್ರಪಟದ ಗಾಜಿನ ಸಂದಿಗೆ ತೂರಿಸಿದೆ. ಮೂರನೆಯ ದಿನ ನೀನು ಮೊಲೆಗೆ ಬಾಯಿ ಹಾಕಿದೆ.

ಆಮೇಲೆ ಹರಕೆ ಮರೆತೆ ಅಂದರೆ ಸುಳ್ಳಾಗುತ್ತದೆ. ಮರೆಯಲಿಲ್ಲ, ನಿನ್ನನ್ನು ಕೊಡಲು ಮನಸ್ಸು ಬರಲಿಲ್ಲ. ಬದಲಿಗೆ ಒಂದು ಕುರಿ ಕೊಟ್ಟೆ. ವರ್ಷವರ್ಷವೂ ಬಲಿಪೀಠಕ್ಕೆ ಹೊಸ ಪರದೆ ಹೊಲಿದು ಕೊಟ್ಟೆ. ಇನ್ಸಾಫಳಿಗೆ ಎಂಥ ಭಕ್ತಿ ಅಂತ ಜನ ಕೊಂಡಾಡಿದರು. ಭಕ್ತಿ ಎಲ್ಲಿಂದ ಬಂತು, ದೇವರ ತಾಯಿಯ ಹತ್ತಿರ ಚೌಕಾಸಿ ಮಾಡುತ್ತಿದ್ದೆ. ನಿನಗೆ ಇಪ್ಪತ್ತು ತುಂಬಿದ್ದೇ ತಡ ಗಂಡು ಹುಡುಕಲು ಹೊರಟದ್ದು, ಔಷಧಿ ಅಂಗಡಿಯ ವಗೀಹನಿಗೆ ಆತುರಾತುರವಾಗಿ ನಿಶ್ಚಯ ಮಾಡಿದ್ದು, ಎಲ್ಲ ಅದಕ್ಕೇ. ಮದುವೆಯಾದವಳನ್ನು ಮರಿಯಮ್ಮ ಕೇಳಲಾರಳು ಅಂದುಕೊಂಡೆ.

ನೀನು ಉಂಗುರ ವಾಪಸು ಕೊಟ್ಟು ಅಡುಗೆಮನೆಗೆ ಬಂದು ಅಂದ ಮಾತು ನಿನಗೆ ನೆನಪಿರಬೇಕು. “ಅಮ್ಮಾ, ಚಿಕ್ಕೋಳಿದ್ದಾಗಿಂದ ಯಾರೋ ನನ್ನನ್ನ ಕರೀತಿರೋ ಹಾಗೆ ಅನ್ಸುತ್ತೆ. ನನ್ನನ್ನ ಮೊದ್ಲೇ ಯಾರಿಗೋ ಅಂತ ಗೊತ್ತುಮಾಡಿಟ್ಟಿರೋ ಹಾಗೆ.” ನನ್ನ ಕೈಯಲ್ಲಿದ್ದ ಫೂಲ್ ಕಾಳಿನ ಪಾತ್ರೆ ನೆಲಕ್ಕೆ ಬಿತ್ತು, ಬೆಂದ ಕಾಳೆಲ್ಲ ಚೆಲ್ಲಿತು. ಸಿಟ್ಟಿಗೆ ಎಸೆದೆ ಅಂತ ನೀವೆಲ್ಲ ತಿಳಿದಿರಿ. ಹಾಗೇ ತಿಳಿಯಲಿ ಅಂತ ನಾನೂ ಬಿಟ್ಟೆ. ಮಠದ ಬಾಗಿಲಲ್ಲಿ ನಿಂತು ನಿಮ್ಮ ಹಿರಿಯ ತಾಯಿ ತಮಾವ್ ಅಘಾಪಿಯವರಿಗೆ ಮಕ್ಕಳ ಕಳ್ಳಿ ಅಂದೆ. ಮೂರು ವರ್ಷ ನಿನ್ನನ್ನು ನೋಡಲು ಬರಲಿಲ್ಲ, ನಿನ್ನಪ್ಪನ ಕೈಯಲ್ಲಿ ಒಂದು ಮಾತು ಕಳಿಸಲಿಲ್ಲ. ನಿನ್ನ ಮೇಲೆ ಮುನಿಸು ಅಂತ ಊರಿಗೆಲ್ಲ ಗೊತ್ತು. ನಿಜ ಹೇಳಲಾ? ನಿನ್ನ ಮುಖ ನೋಡಲು ಭಯ. ನಿನಗೆ ಕೇಳಿಸುತ್ತಿರುವ ಕರೆ ದೇವರದ್ದೋ, ನಿನ್ನಮ್ಮ ಬರೆದ ಚೀಟಿಯದ್ದೋ?

ಹೋದ ತಿಂಗಳು ಪಾಪನಿವೇದನೆಯಲ್ಲಿ ಅಬೂನಾ ತಾದ್ರಸ್ ಅವರ ಮುಂದೆ ಎಲ್ಲ ಕಕ್ಕಿದೆ. ನಮ್ಮ ಪಾದ್ರಿಗಳ ಬಾಯಿ ನಿನಗೆ ಗೊತ್ತಲ್ಲ. “ಮಗಳೇನು ನಿನ್ನ ಕುರೀನಮ್ಮಾ, ಹರಕೆಗೆ ಬಿಡೋಕೆ? ಹೆತ್ತ ಮಾತ್ರಕ್ಕೆ ಅವಳ ಜೀವ ನಿನ್ನದಾಯ್ತಾ? ಆ ಹರಕೆ ಹರಕೇನೇ ಅಲ್ಲ, ನಾನೀಗ್ಲೇ ಬಿಡಿಸ್ದೆ. ಆದ್ರೆ ಅವಳಿಗೆ ಹೇಳು. ಪರದೆ ಹೊದಿಸೋಕೆ ಮುಂಚೆ ಹೇಳು.” ಹೂಂ ಅಂದು ಬಂದೆ. ಬಂದು ಮಾಡಿದ್ದೇನು? ಪುಸ್ತಕದ ಕಟ್ಟಕಡೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ. ನೀನು ಬರೆಯುತ್ತ ಬರೆಯುತ್ತ ಅಲ್ಲಿಗೆ ಬರುವಷ್ಟರಲ್ಲಿ ತಿಂಗಳುಗಳು ಕಳೆದು ಎಲ್ಲ ಮುಗಿದಿರುತ್ತದೆ, ಹೇಳಿದ ಹಾಗೂ ಆಯಿತು ಹೇಳದ ಹಾಗೂ ಆಯಿತು ಅಂತ ನನ್ನ ಜಾಣತನ. ಆ ಜಾಣತನದ ಬೆನ್ನ ಮೇಲೆ ಶಿಲುಬೆ ಬಂದು ಕೂತಿತು. ಕೈತಪ್ಪು ಅಂತ ನಿನ್ನಪ್ಪ ಅನ್ನುತ್ತಾರೆ. ಮರಿಯಮ್ಮನೇ ನನ್ನ ಕೈ ಹಿಡಿದು ಒತ್ತಿಸಿದಳು ಅಂತ ನಾನು ನಂಬಿದ್ದೇನೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಯಾಕೆ ಮುಚ್ಚಿಡಲಿ? ಇದನ್ನು ಓದಿ ನೀನು ಮನೆಗೆ ಬಂದುಬಿಡುತ್ತೀಯೇನೋ ಅನ್ನುವ ಆಸೆಯೂ ಇದೆ. ಹೋದ ವಾರ ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದೆ. ಯಾಕೆ ಅಂತ ನಿನ್ನಪ್ಪ ಕೇಳಿದರು, ತಿಗಣೆ ಅಂದೆ.

ನೀನು ಯಾರ ಹರಕೆಯೂ ಅಲ್ಲ, ಮಗಳೇ. ಬಂದರೆ ಬೀದಿಯಲ್ಲಿ ಯಾರೂ ತುಟಿ ಬಿಚ್ಚದ ಹಾಗೆ ನಾನು ನೋಡಿಕೊಳ್ಳುತ್ತೇನೆ, ನನ್ನ ಬಾಯಿಗೆ ಎಲ್ಲರೂ ಹೆದರುತ್ತಾರೆ. ಇರುತ್ತೇನೆ ಅಂದರೆ ನಿನ್ನ ಮನಸ್ಸಿಗೆ ಬೇಕಾಗಿ ಇರು, ಅಮ್ಮನ ಚೀಟಿಗಾಗಿ ಬೇಡ. ಎರಡಕ್ಕೂ ನನ್ನ ಆಶೀರ್ವಾದ ಇದೆ. ಎರಡನೆಯದನ್ನು ಬರೆದು ಎರಡು ಸಲ ಹೊಡೆದುಹಾಕಿದೆ, ಆದರೂ ಕೊಟ್ಟಿದ್ದೇನೆ. ಆ ಪುಟ ಬೇಡವಾದರೆ ಕಿತ್ತುಹಾಕು. ನಮ್ಮ ಹೊಲಿಗೆಯಲ್ಲಿ ಒಂದು ಹಾಳೆ ಕಿತ್ತರೆ ಅದರ ಜೋಡಿ ಹಾಳೆಯೂ ಸಡಿಲವಾಗುತ್ತದೆ, ನಿಧಾನವಾಗಿ ಕೀಳು. ಉಳಿದದ್ದೆಲ್ಲ ಖಾಲಿ, ನೀನು ಬರೆದುಕೊಳ್ಳುವುದಕ್ಕೆ.

ಮೂರು ವರ್ಷ ನಿನ್ನನ್ನು ನೋಡದೆ ಬದುಕಿದ ಹಠಮಾರಿ,
ನಿನ್ನ ಅಮ್ಮ
ಇನ್ಸಾಫ್

ಮರೆತ ಮಾತು (ಶುಕ್ರವಾರ ಬೆಳಿಗ್ಗೆ): ಅಂಚೆಗೆ ಹಾಕಿದರೆ ಶನಿವಾರ ದಾಟುತ್ತದೆ ಅಂತ ನಾನೇ ತಂದಿದ್ದೇನೆ, ಗೇಟಿನವರ ಕೈಯಲ್ಲಿ ಒಳಗೆ ಕಳಿಸುತ್ತೇನೆ. ನಾನೂ ನಿನ್ನಪ್ಪನೂ ಮಠದ ಗೇಟಿನ ಹೊರಗೆ ಕಲ್ಲುಬೆಂಚಿನ ಮೇಲೆ ಕೂತಿದ್ದೇವೆ, ಅಮ್ಶೀರ್ ಗಾಳಿಗೆ ಬಾಯಿ ತುಂಬ ಮರಳು. ಬಸ್ಸಿನಲ್ಲಿ ನಿನ್ನಪ್ಪನಿಗೂ ಎಲ್ಲ ಹೇಳಿಬಿಟ್ಟೆ. ಅವರು ಕಿಟಕಿಯಾಚೆ ನೋಡುತ್ತಲೇ ಅಂದರು: “ಗೊತ್ತು ಕಣೇ. ನೀನು ಬತ್ತಿ ಹಚ್ಚೋಕೆ ಆ ಕಡೆ ತಿರುಗಿದ್ದೆ, ನಾನು ಆ ಚೀಟಿ ಎಳ್ಕೊಂಡು ಓದ್ದೆ. ನನ್ನ ಮಗಳನ್ನ ನನ್ನ ಕೇಳ್ದೆ ಹೇಗೆ ಕೊಡ್ತೀಯ? ವಾಪಸು ಬರುವಾಗ ದೋಣಿಯಿಂದ ನೈಲಿಗೆ ಬಿಟ್ಟೆ.” ಇಪ್ಪತ್ತೇಳು ವರ್ಷ! ಇಪ್ಪತ್ತೇಳು ಪರದೆ ಹೊಲಿಯುವುದನ್ನು ನೋಡುತ್ತ ಸುಮ್ಮನಿದ್ದ ಗಂಡನಿಗೆ ಏನು ಮಾಡಬೇಕು, ಅದನ್ನು ಮನೆಗೆ ಹೋದ ಮೇಲೆ ಯೋಚಿಸುತ್ತೇನೆ. ಅಂತೂ ಮರಿಯಮ್ಮನ ಹತ್ತಿರ ನಮ್ಮ ಚೀಟಿ ಇರಲೇ ಇಲ್ಲ. ನೀನು ಕೇಳಿಸಿಕೊಂಡ ಕರೆ ನಿನ್ನದೇ. ನಿನ್ನನ್ನು ನಾನು ಕೊಟ್ಟೆ ಅಂತ ಅಳುತ್ತಿದ್ದೆ, ಈಗ ನೀನೇ ಹೋಗುತ್ತಿದ್ದೀಯ ಅಂತ ಅಳಬೇಕು. ನಾಳೆ ಅಲ್ಲೇ ಉಳಿದರೆ ನಿನಗೆ ಹೊಸ ಹೆಸರು ಇಡುತ್ತಾರಂತೆ. ಯೂಸ್ತೀನಾ ಅಂತ ಕೂಗಿದರೆ ಓಡಿಬರುವವಳು ನನಗೆ ಇವತ್ತೊಂದು ದಿನ ಇದ್ದಾಳೆ. ಗೇಟಿನ ಹತ್ತಿರ ಬಾ, ಕೂಗುತ್ತೇನೆ.