ಕಾರಣ ಬರೆಯದ ನಿರ್ಣಯ

ಶನಿವಾರ, ಆಗಸ್ಟ್ ೯

ನಮ್ಮ ಮೆಥೋಡಿಸ್ಟ್ ಸಭೆಯ ನೂರು ವರ್ಷದ ಚರಿತ್ರೆ ಬರೆಯುವ ಕೆಲಸ ಇವತ್ತು ಸಮಾಧಿ ರಿಜಿಸ್ಟರಿನಲ್ಲಿ ನಿಂತುಹೋಯಿತು. ಚರ್ಚು ಕಟ್ಟಿದ ಒಂಬತ್ತನೆಯ ವರ್ಷ, ಏಳು ವಾರದಲ್ಲಿ ಹತ್ತೊಂಬತ್ತು ಸಮಾಧಿ. ಹದಿನಾಲ್ಕು ಮಕ್ಕಳವು. ಮರಣದ ಕಾರಣದ ಕಾಲಂ ಖಾಲಿ. ಅದೇ ತಿಂಗಳ ಕಮಿಟಿ ನಡಾವಳಿಯಲ್ಲಿ ಒಂದು ನಿರ್ಣಯವಿದೆ: "ಚರ್ಚಿನ ಹಿಂದಿನ ಬಾವಿಯನ್ನು ಚಪ್ಪಡಿ ಹಾಕಿ ಮುಚ್ಚತಕ್ಕದ್ದು. ಕಾರಣ ಬರೆಯತಕ್ಕದ್ದಲ್ಲ."

ಶತಮಾನೋತ್ಸವಕ್ಕೆಂದು ಆ ಬಾವಿಯನ್ನೇ ಮತ್ತೆ ತೆರೆಯುವುದೆಂದು ಈಗಿನ ಕಮಿಟಿ ತೀರ್ಮಾನಿಸಿದೆ. ಸಂಜೆ ನಡಾವಳಿ ಪುಸ್ತಕ ಹಿಡಿದು ಪಾಸ್ಟರ ಮನೆಗೆ ಹೋದೆ.

"ತೊಂಬತ್ತು ವರ್ಷದ ಹಿಂದಿನ ಮಾತು ಅಣ್ಣಾ," ಎಂದು ನಕ್ಕರು. "ಪೇಪರ್ ಓದಿ ಓದಿ ನಿಮಗೆ ಎಲ್ಲದರಲ್ಲೂ ಸುದ್ದಿನೇ ಕಾಣುತ್ತೆ."

"ನಗಬೇಡಿ. ಮೊದಲು ನೀರು ಪರೀಕ್ಷೆಗೆ ಕಳಿಸಿ."

"ಆಯ್ತು ಮಾರಾಯ್ರೆ, ಸೋಮವಾರ ಕಳಿಸೋಣ."

ಸಮಾಧಾನದಿಂದ ಮನೆಗೆ ಬಂದೆ. ಚರ್ಚು ಗುಡಿಸಲು ಹೋಗಿದ್ದ ಹೆಂಡತಿ ಆಗಷ್ಟೇ ಬಂದಿದ್ದಳು.

"ಚಪ್ಪಡಿ ಮಧ್ಯಾಹ್ನಾನೇ ತೆಗೆದ್ರು ಕಣ್ರೀ. ನೀರು ಎಷ್ಟು ತಣ್ಣಗಿದೆ ಅಂತೀರಿ! ಹಾಡು ಪ್ರಾಕ್ಟೀಸಿಗೆ ಬಂದಿದ್ದ ಸಂಡೇ ಸ್ಕೂಲ್ ಮಕ್ಕಳು ಕುಡಿದದ್ದೇ ಕುಡಿದದ್ದು."

ಎಷ್ಟು ಮಕ್ಕಳು ಎಂದೆ. ಎಣಿಸಿಲ್ಲ ಎಂದಳು.

ಸಂಡೇ ಸ್ಕೂಲಿನ ಹಾಜರಿ ಪುಸ್ತಕದಲ್ಲಿ ಇಪ್ಪತ್ತಮೂರು ಹೆಸರುಗಳಿವೆ. ಮನೆಮನೆಗೂ ಹೋಗಿ ಆ ನೀರು ಮುಟ್ಟಬೇಡಿ, ಮಕ್ಕಳ ಮೇಲೆ ಕಣ್ಣಿಡಿ ಎಂದು ಹೇಳಿ ಈಗ ಬಂದೆ. ಎಲ್ಲರೂ ಚೆನ್ನಾಗಿದ್ದಾರೆ, ನಿದ್ದೆ ಮಾಡುತ್ತಿದ್ದಾರೆ. ತೊಂಬತ್ತು ವರ್ಷದ ಹಿಂದೆಯೂ ಮೊದಲನೆಯ ರಾತ್ರಿ ಆ ಹದಿನಾಲ್ಕು ಮಕ್ಕಳು ಹೀಗೆಯೇ ಚೆನ್ನಾಗಿ ಮಲಗಿದ್ದರೇನೋ.