ಹದಿನಾಲ್ಕು ನಿಮಿಷ ಆಡಿದವನು

ಫೆಬ್ರವರಿ 3, ಸೋಮವಾರ. ಬೆಳಗ್ಗೆ 6.10

ಬೆರಳುಗಳಿಗೆ ಟೇಪ್ ಸುತ್ತಿ ಆಯಿತು, ಆಮೇಲೆ ಡೈರಿ ನೆನಪಾಯಿತು. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಇರಲಿ, ಓದುವವರು ಯಾರು.

ನಮ್ಮ ಫುಟ್‌ಬಾಲ್ ತಂಡದಲ್ಲಿ ಎಲ್ಲರೂ ದೊಡ್ಡಣ್ಣ ಎನ್ನುವ ಒಂದನೇ ಗೋಲ್‌ಕೀಪರ್ ನಿವೃತ್ತಿ ಹೇಳಿ ಹತ್ತು ದಿನ. ಒಂಬತ್ತು ವರ್ಷ ಅವನು ದೇಶದ ಗೋಲು ಕಾದ, ನಾನು ಬೆಂಚು ಕಾದೆ. ಎರಡನೇ ಗೋಲ್‌ಕೀಪರ್. ಒಂದೇ ಒಂದು ನಿಮಿಷ ಆಡಿಲ್ಲ. ಮಿಕ್ಕವರಾದರೆ ಸುಸ್ತಾದಾಗ ಬದಲಾಯಿಸುತ್ತಾರೆ. ಗೋಲ್‌ಕೀಪರ್ ಮಾತ್ರ ಪೆಟ್ಟಾಗಿ ಬೀಳಬೇಕು. ಅವನು ಬೀಳಲಿ ಎಂದು ಬಯಸಿದ್ದೂ ಉಂಟು... ಸುಳ್ಳು ಯಾಕೆ.

ಮಾರ್ಚ್ 25ಕ್ಕೆ ಅರ್ಹತಾ ಪಂದ್ಯ. ನನಗೆ ಮೂವತ್ಮೂರು. ಈ ಸಲ ನನ್ನದೇ.

ಫೆಬ್ರವರಿ 11, ಮಂಗಳವಾರ. ಸಂಜೆ

ಏಣಿಗೆ ನಮ್ಮ ದೇಶದ ಪಾಸ್‌ಪೋರ್ಟ್ ಬಂತು. ಅವನೂ ಗೋಲ್‌ಕೀಪರ್. ಊರಿನ ಇನ್ನೊಂದು ಕ್ಲಬ್ಬಿನವನು. ಐದು ವರ್ಷದ ಹಿಂದೆ ಹೊರದೇಶದಿಂದ ಬಂದು ಮನೆ ಸಿಗದೆ ಒದ್ದಾಡುತ್ತಿದ್ದಾಗ ನಮ್ಮ ಮಹಡಿ ರೂಮು ಕೊಡಿಸಿದ್ದು ಯಾರು? ನಾನು. ಆರಡಿ ಐದಿಂಚಿಗೆ ಏಣಿ ಎಂದು ಹೆಸರಿಟ್ಟವನೂ ನಾನೇ.

ಐದು ವರ್ಷ ಸತತವಾಗಿ ಇಲ್ಲಿ ವಾಸವಿದ್ದು ಪೌರತ್ವ ಸಿಕ್ಕರೆ ದೇಶದ ಪರ ಆಡಬಹುದು. ನಿಯಮ. ವಾಸವಿದ್ದ ಎಂಬ ಪತ್ರಕ್ಕೆ ಸಹಿ ಹಾಕಿದ್ದು ಮನೆ ಒಡತಿ, ಅಂದರೆ ಅಮ್ಮ. ಕನ್ನಡಕ ಹುಡುಕಿ ಕೊಟ್ಟು, ಎಲ್ಲಿ ಸಹಿ ಎಂದು ಬೆರಳಿಟ್ಟು ತೋರಿಸಿದ್ದು ನಾನು. ನನ್ನ ತಲೆ ಮೇಲೆ ನಾನೇ ಚಪ್ಪಡಿ ಎಳೆದುಕೊಂಡೆ.

ಊಟಕ್ಕೆ ಅಮ್ಮ ಅವನನ್ನು ಕೆಳಗೆ ಕರೆದಳು. ಅವನ ತಟ್ಟೆಗೆ ಎರಡನೇ ಸಲ ಬಡಿಸಿ, ಪಾತ್ರೆಯ ತಳ ಕೆರೆದು ನನಗೆ.

“ನಂಗೆ ಕಮ್ಮಿ ಯಾಕಮ್ಮ?”

“ನೀನು ಮನೆಯವನಲ್ವೇನೋ.”

ಮಾರ್ಚ್ 1, ಶನಿವಾರ

ಕ್ಯಾಂಪ್. ನಿರೀಕ್ಷಿಸಿದ್ದೇ. ಏಣಿಯೂ ಇದ್ದಾನೆ.

ಡಿಫೆಂಡರ್‌ಗಳನ್ನು ಅವನು ಬೈಯುವುದು ಅಮ್ಮನ ಮಾತಲ್ಲಿ, ಅಮ್ಮನ ರಾಗದಲ್ಲಿ. “ಕಣ್ಣು ಎಲ್ಲಿಟ್ಟಿದೀಯೋ ಮಹಾರಾಯ! ಎಷ್ಟು ಸಲ ಹೇಳ್ಬೇಕು ನಿಂಗೆ!” ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ, ಆದರೂ ಹೇಳಿದ ಜಾಗಕ್ಕೆ ಓಡುತ್ತಾರೆ. ನನ್ನ ಮನೆಯ ಬೈಗುಳ. ನಾನು ಮೂವತ್ಮೂರು ವರ್ಷ ತಿಂದ ಬೈಗುಳ. ಅದನ್ನೂ ಎತ್ತಿಕೊಂಡ.

ಕೋಚ್ ಸೀಟಿ ಊದುವುದನ್ನು ಮರೆತು ಅವನನ್ನೇ ನೋಡುತ್ತಿದ್ದರು.

ಮಾರ್ಚ್ 6, ಗುರುವಾರ. ಬೆಳಗ್ಗೆ

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ನಾವಿಬ್ಬರೇ. ಬಲಗೈಗೆ ಟೇಪ್ ಬಿಗಿಯಾಗಿ ಸುತ್ತಲು ಇನ್ನೊಬ್ಬರಿದ್ದರೆ ಸುಲಭ. ಗೋಲ್‌ಕೀಪರ್‌ಗಳು ಒಬ್ಬರಿಗೊಬ್ಬರು ಸುತ್ತುವುದು ರೂಢಿ. ಅವನ ಕೈ ನನ್ನ ತೊಡೆಯ ಮೇಲೆ. ಮೊದಲ ಪಂದ್ಯದ ದಿನ ಭಯವಾಗುತ್ತದಾ ಎಂದು ಕೇಳಿದ. ನನ್ನನ್ನು ಕೇಳುತ್ತಾನೆ!

“ನಾನು ಹತ್ತೊಂಬತ್ತರಲ್ಲಿ ಹುಟ್ಟಿದ ದೇಶದ ಯುವ ತಂಡಕ್ಕೆ ಆಡಿದೀನಿ,” ಎಂದ. “ಒಂದೇ ಮ್ಯಾಚು. ಕೀಪರ್‌ಗೆ ಪೆಟ್ಟಾಯ್ತು, ನನ್ನ ಇಳಿಸಿದ್ರು. ಹದಿನಾಲ್ಕು ನಿಮಿಷ. ಕಾಲು ಗಡಗಡ ನಡುಗ್ತಿತ್ತು.”

“ಅಧಿಕೃತ ಮ್ಯಾಚಾ?”

“ಅಯ್ಯೋ ಇಲ್ಲಪ್ಪ. ಸುಮ್ನೆ ಫ್ರೆಂಡ್ಲಿ. ನೋಡೋಕೆ ಐವತ್ತು ಜನಾನೂ ಇರ್ಲಿಲ್ಲ.”

ಅವನಿಗೆ ಅಲ್ಲೂ ಒಬ್ಬ ಬಿದ್ದ. ನನಗೆ ಒಂಬತ್ತು ವರ್ಷದಲ್ಲಿ ಒಬ್ಬನೂ ಬೀಳಲಿಲ್ಲ.

ಮಾರ್ಚ್ 8, ಶನಿವಾರ. ಮಧ್ಯಾಹ್ನ

ಸುಮ್ಮನಿರಲಾಗಲಿಲ್ಲ. ಫೋನಿನಲ್ಲಿ ಹುಡುಕಿದೆ. ಆ ದಿನ ಅವರ ಎದುರು ಆಡಿದ ದೇಶದ ಹಳೆಯ ಫುಟ್‌ಬಾಲ್ ವಾರ್ಷಿಕ ಪುಸ್ತಕ, ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಅದರಲ್ಲಿ ಆ ಪಂದ್ಯ. 76ನೇ ನಿಮಿಷಕ್ಕೆ ಬದಲಿ ಗೋಲ್‌ಕೀಪರ್ — ಇವನ ಹೆಸರು, ಹುಟ್ಟಿದ ದಿನ ಸಮೇತ. ಮೇಲೆ ಶೀರ್ಷಿಕೆ: ಯುವ ಚಾಂಪಿಯನ್‌ಷಿಪ್, ಅರ್ಹತಾ ಸುತ್ತು.

ಫ್ರೆಂಡ್ಲಿ ಅಲ್ಲ. ಅಧಿಕೃತ.

ನಿಯಮಾವಳಿ ಎರಡು ಸಲ ಓದಿದೆ. ಫ್ರೆಂಡ್ಲಿ ಎಷ್ಟು ಆಡಿದರೂ ಲೆಕ್ಕಕ್ಕಿಲ್ಲ. ಅಧಿಕೃತ ಪಂದ್ಯ ಒಂದು ನಿಮಿಷ ಆಡಿದರೂ ಆ ದೇಶಕ್ಕೆ ಕಟ್ಟಿಬಿದ್ದ ಹಾಗೆ. ಆಗಲೇ ನಮ್ಮ ಪೌರತ್ವವೂ ಇದ್ದಿದ್ದರೆ ದಾರಿ ಇತ್ತು. ಅವನಿಗೆ ಇರಲಿಲ್ಲ. ನಮ್ಮ ಫುಟ್‌ಬಾಲ್ ಸಂಸ್ಥೆಯ ಗುಮಾಸ್ತ ಹಿರಿಯರ ತಂಡದ ಪಟ್ಟಿ ಮಾತ್ರ ನೋಡಿ ಕೈ ತೊಳೆದುಕೊಂಡಿರಬೇಕು.

ಕೋಚ್‌ಗೆ ಹೇಳಲೇ? ಈಗ ಹೇಳಿದರೆ ತಂಡಕ್ಕೆ ನಷ್ಟವಿಲ್ಲ. ಆದರೆ ಎಲ್ಲರೂ ಏನನ್ನುತ್ತಾರೆ — ಆಡಿ ಗೆಲ್ಲಲಾಗದೆ ಕಾಗದ ಹುಡುಕಿದ ಎನ್ನುತ್ತಾರೆ. ಬೇಡ. ಕೋಚ್ ಹೇಗೂ ನನ್ನನ್ನೇ ಇಳಿಸುತ್ತಾರೆ. ಅವನು ಬೆಂಚಿನಲ್ಲಿ ಕೂತಿರಲಿ. ಕೂತವನನ್ನು ಯಾವ ನಿಯಮವೂ ಕೇಳುವುದಿಲ್ಲ.

ಮಾರ್ಚ್ 20, ಗುರುವಾರ

ಏಣಿ. ನಾನಲ್ಲ, ಏಣಿ.

ಕೋಚ್ ಹೆಗಲ ಮೇಲೆ ಕೈ ಹಾಕಿ, “ನೀನು ಪಕ್ಕದಲ್ಲಿದ್ರೆ ಅವನಿಗೆ ಧೈರ್ಯ,” ಎಂದರು. ನಾನೇನು ತಾಯಿತವೇ?

ಹೇಳಿಬಿಡೋಣವೆಂದು ಅವರ ಕೋಣೆಯ ಬಾಗಿಲ ತನಕ ಹೋದೆ. ಒಳಗೆ ಏಣಿಯ ನಗು ಕೇಳಿಸಿತು. ವಾಪಸ್ ಬಂದೆ. ಹೋಗಲಿ, ಎರಡು ಗೋಲು ಬಿಡಲಿ, ಮರ್ಯಾದೆ ಹೋಗಲಿ. ಆಗ ತಾನಾಗಿ ನನ್ನ ಸರದಿ.

ಮಾರ್ಚ್ 25, ಮಂಗಳವಾರ

1–0. ಗೆದ್ದೆವು. 81ನೇ ನಿಮಿಷದಲ್ಲಿ ಪೆನಾಲ್ಟಿ ತಡೆದ. ಎಡಕ್ಕೆ, ಪೂರ್ತಿ ಮೈ ಚಾಚಿ. ನಾನಾಗಿದ್ದರೆ ಬಲಕ್ಕೆ ಹಾರುತ್ತಿದ್ದೆ. ಅದು ನನಗೆ ಮಾತ್ರ ಗೊತ್ತು.

ಅಮ್ಮ ಬೇಲಿ ತನಕ ಇಳಿದು ಬಂದಿದ್ದಳು. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅಳುತ್ತಿದ್ದಳು. ನಾನು ಪಕ್ಕದಲ್ಲೇ ನಿಂತಿದ್ದೆ, ಅವನ ನೀರಿನ ಬಾಟಲಿ ಹಿಡಿದುಕೊಂಡು.

ಮಾರ್ಚ್ 26, ಬುಧವಾರ. ಬೆಳಗ್ಗೆ 10

ಟೂರ್ನಿ ನಡೆಸುವವರಿಗೆ ಮೇಲ್ ಹಾಕಿದೆ. ಹೊಸ ಐಡಿ. ಹೆಸರಿಲ್ಲ. ಎರಡು ಸಾಲು, ಆ ಪುಟದ ಫೋಟೋ.

ಆಟಕ್ಕೆ ಮುಂಚೆ ಹೇಳಿದ್ದರೆ ನ್ಯಾಯ ಅನ್ನಬಹುದಿತ್ತು. ಇದಕ್ಕೆ ಹೊಟ್ಟೆಕಿಚ್ಚು ಬಿಟ್ಟು ಬೇರೆ ಹೆಸರಿಲ್ಲ. ಗೊತ್ತಿದ್ದೇ ಕಳಿಸಿದೆ.

ಏಪ್ರಿಲ್ 24, ಗುರುವಾರ. ಸಂಜೆ 5

ತೀರ್ಪು ಬಂತು. ಅನರ್ಹನನ್ನು ಆಡಿಸಿದ್ದಕ್ಕೆ ನಮ್ಮ 1–0 ಅಳಿಸಿ 0–3 ಸೋಲು ಬರೆದರು. ಗುಂಪಿನಲ್ಲಿ ಎರಡನೆಯವರಾಗಿದ್ದವರು ಕೊನೆಗೆ ಬಿದ್ದೆವು. ಉಳಿದ ಒಂದು ಪಂದ್ಯ ಗೆದ್ದರೂ ಟೂರ್ನಿಗೆ ದಾರಿ ಮುಚ್ಚಿತು. ಮೂರು ಅಂಕ ಹೋಗುತ್ತವೆಂದು ನಿಯಮ ಓದಿದವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಸಾಲಿನ ಮೇಲೆ ಕಣ್ಣು ಜಾರಿಸಿದ್ದೆ.

ಏಣಿ ಮೆಟ್ಟಿಲ ಮೇಲೆ ಕೂತಿದ್ದಾನೆ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು. ಯಾರ ಮೇಲೂ ಸಿಟ್ಟಿಲ್ಲ. “ನಂಗೆ ಫ್ರೆಂಡ್ಲಿ ಅಂತಾನೇ ಹೇಳಿದ್ರು,” ಎಂದು ಬಂದವರಿಗೆಲ್ಲ ಹೇಳುತ್ತಾನೆ.

ಅಮ್ಮ ಬಟ್ಟೆ ಮಡಚುತ್ತಾ ಶಾಪ ಹಾಕಿದಳು. “ಯಾವ ಪಾಪಿ ಬರೆದನೋ, ಅವನ ಕೈ ಸೇದ್ಹೋಗ.”

ಮಡಚಿದ್ದು ನನ್ನ ಶರ್ಟು.

ಜೂನ್ 10, ಮಂಗಳವಾರ

ಆಡಿದೆ. ತೊಂಬತ್ತು ನಿಮಿಷ. ಗೆದ್ದರೂ ಸೋತರೂ ಏನೂ ಬದಲಾಗದ ಪಂದ್ಯ. 0–0. ಚೆನ್ನಾಗಿಯೇ ಆಡಿದೆ. ಸ್ಟ್ಯಾಂಡು ಮುಕ್ಕಾಲು ಖಾಲಿ.

ಅಮ್ಮ ಬರಲಿಲ್ಲ. “ಅವನೊಬ್ಬನೇ ಇದಾನಲ್ಲೋ,” ಎಂದಳು. ಮೈದಾನದಲ್ಲಿ ನಾನೂ ಒಬ್ಬನೇ ಇದ್ದೆ. ಎಲ್ಲ ಕಳೆದುಕೊಂಡವನ ಮೇಲೂ ಇವತ್ತು ಹೊಟ್ಟೆ ಉರಿಯಿತು.

ಜೂನ್ 12, ಗುರುವಾರ. ಬೆಳಗ್ಗೆ 9

ಏಣಿ ಕೆಳಗೆ ಬಂದ. ಈಗ ಅವನ ಮೇಲೆ ಬೇರೆ ಕೇಸು — ಹಳೆಯ ಪಂದ್ಯವನ್ನು ಬೇಕೆಂದೇ ಮುಚ್ಚಿಟ್ಟನೆಂದು. ಸಾಬೀತಾದರೆ ಎರಡು ವರ್ಷ ಎಲ್ಲೂ ಆಡುವಂತಿಲ್ಲ, ಕ್ಲಬ್ಬಿಗೂ ಕೂಡ.

“ಲಾಯರ್ ಕೇಳಿದ್ರು, ಆಟಕ್ಕೆ ಮುಂಚೆ ಯಾರಿಗಾದ್ರೂ ಬಾಯಿಬಿಟ್ಟು ಹೇಳಿದ್ಯಾ ಅಂತ. ಹೇಳಿದ್ರೆ ಮುಚ್ಚಿಟ್ಟ ಹಾಗಾಗಲ್ಲವಂತೆ. ನಿಂಗೆ ಹೇಳಿದ್ನಲ್ಲ, ಟೇಪ್ ಸುತ್ತುವಾಗ? ಅದನ್ನೇ ಬರೆದುಕೊಡು. ತಾರೀಖು ಹಾಕಿ. ಆಟಕ್ಕೆ ಮುಂಚಿನ ತಾರೀಖಾದ್ರೆ ಮಾತ್ರ ಲೆಕ್ಕಕ್ಕೆ ಬರತ್ತಂತೆ.”

“ಬೇರೆ ಯಾರಿಗೂ ಹೇಳಿಲ್ವಾ?”

“ಇಲ್ಲಪ್ಪ. ನಿನ್ನ ಬಿಟ್ಟು ಯಾರಿಗೂ ಇಲ್ಲ.”

ಹೇಳಿದ ಮೇಲೂ ಅವನಿಗೆ ಹೊಳೆಯಲಿಲ್ಲ. ಅಷ್ಟು ನಂಬಿಕೆ. ಅಮ್ಮನಿಗೆ ಹೊಳೆಯಿತು. ತೊಳೆಯುತ್ತಿದ್ದ ಲೋಟ ಕೈಯಲ್ಲೇ ಹಿಡಿದು ನನ್ನನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಕೂತ್ಕೊಂಡು ಬರಿ,” ಎಂದಳು.

ಬರೆದರೆ ಅವನು ಉಳಿಯುತ್ತಾನೆ. ಗೊತ್ತಿದ್ದ ಒಬ್ಬನೇ ಒಬ್ಬ ಯಾರೆಂದು, ಆ ಮೇಲ್ ಯಾರದೆಂದು ಇಡೀ ತಂಡಕ್ಕೆ ತಿಳಿಯುತ್ತದೆ. ನನ್ನ ಆಟ ಅಲ್ಲಿಗೆ ಮುಗಿಯಿತು. ಬರೆಯದಿದ್ದರೆ ಸೆಪ್ಟೆಂಬರಿನಿಂದ ದೇಶದ ಒಂದನೇ ಗೋಲ್‌ಕೀಪರ್ ನಾನೇ. ಕೋಚ್ ನಿನ್ನೆ ತಾನೇ ಹೇಳಿದರು.

ಏಣಿ ಬಾಗಿಲಲ್ಲಿ ನಿಂತಿದ್ದಾನೆ. ಅಮ್ಮ ಅಲ್ಲೇ ಇದ್ದಾಳೆ. ಮೊದಲು ಇಲ್ಲಿ ಕರಡು ಬರೆಯುತ್ತೇನೆ, ಆಮೇಲೆ ಒಳ್ಳೆಯ ಹಾಳೆಗೆ.

ಕೆಳಗೆ ಸಹಿ ಮಾಡಿರುವ ನಾನು ದೃಢೀಕರಿಸುವುದೇನೆಂದರೆ, ಈ ಆಟಗಾರರು ತಾವು ಆಡಿದ ಆ ಪಂದ್ಯದ ವಿಷಯವನ್ನು ನನಗೆ ಏನೂ ಮುಚ್ಚಿಡದೆ ತಿಳಿಸಿದ್ದರು. ತಿಳಿಸಿದ ದಿನಾಂಕ: ಮಾರ್ಚ್