ನಿನ್ನ ಕಂಬಳಿ ಆಫ್ರಿಕಾದಲ್ಲಿದೆ

ಮೈಲಾರೇಶ, ಹರಪನಹಳ್ಳಿಯಲ್ಲಿ ಮುಖ ಊದಿಸಿಕೊಂಡು ಕೂತ ಮಗನೇ, ನಾಚಿಕೆ ಇದ್ದರೆ ಓದು. ಹೊಸ್ತಿಲು ತುಳಿಯಬೇಡ ಎಂದ ಈ ತಾಯಿಯ ಬಾಯಿಂದಲೇ ನಿನ್ನನ್ನು ಕರೆಯಲಾರೆ, ಅದಕ್ಕೇ ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕುವುದಿಲ್ಲ.

ಆಫ್ರಿಕಾಕ್ಕೆ ಕಾಡುಪ್ರಾಣಿ ಸಾಕುವ ಸೇವೆಗೆ ಹೋದಳೆಂದು ಮಾತು ಬಿಟ್ಟೆಯಲ್ಲ, ಆ ನಿನ್ನ ಮಗಳು ಪುಷ್ಪಲತಾ ಇವತ್ತು ವಿಡಿಯೊದಲ್ಲಿ ಅತ್ತಳು. ತಾಯಿ ಸತ್ತ ಚಿಗರೆಮರಿ ಎರಡು ದಿನದಿಂದ ಬಾಟಲಿಗೆ ಬಾಯಿ ಹಾಕಿರಲಿಲ್ಲ, ಸಾಯುವ ಹಾಗಿತ್ತು.

"ಎದುರಿಗೆ ಹಿಡಿದ್ರ ಯಾವ ಮರಿ ಕುಡಿತೈತಿ? ಕುರಿಯವರ ಮನಿ ಹುಡುಗಿಗೆ ಇಷ್ಟೂ ತಿಳಿಲಿಲ್ಲೇನ? ಕಂಬಳಿ ಹೊದ್ಕೊಂಡು ಕುರಿಹಂಗ ಬಗ್ಗು, ಹೊಟ್ಟಿ ಕೆಳಗ ಬಾಟಲಿ ಹಿಡಿ" ಎಂದೆ. ಅಂಗಳದಲ್ಲಿ ನಾನೇ ಬಗ್ಗಿ ತೋರಿಸಿದೆ. ಪಕ್ಕದ ಮನೆಯ ಮಹಬೂಬ್ ಬೀ ನಕ್ಕಳು, ನಗಲಿ. ಮರಿ ಕುಡಿಯಿತು.

ಆಗ ಕಂಡೆ, ಅವಳು ಹೊದ್ದಿದ್ದು ಕುರಿ ಕಾಯುವಾಗ ನೀನು ಹೊದೆಯುತ್ತಿದ್ದ ಕಂಬಳಿ. ಯಾರನ್ನೂ ಕೇಳದೆ ಒಯ್ದಿದ್ದಾಳೆ.

ಅವಳನ್ನು ಕಳಿಸಿದವಳು ನಾನು, ಇನ್ನೊಮ್ಮೆ ಕೇಳಿದರೂ ಕಳಿಸುತ್ತೇನೆ. ಡಬ್ಬಿಗೆ ಹಾಕದ ಈ ಕಾಗದ ಹೇಗಾದರೂ ನಿನ್ನ ಕೈಗೆ ಸಿಕ್ಕರೆ, ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆ. ನನಗಲ್ಲ, ಅವಳಿಗೆ.